80 ಸಾವಿರ ಲಾರಿ ಮಣ್ಣು, 2 ಲಕ್ಷ ಜನ: ಹಳೇ ಕೈರೋ ಮರುಜೀವದ ಲೆಕ್ಕ

30 ಹೆಕ್ಟೇರ್ ಜಾಗ, 15 ಲಕ್ಷ ಘನ ಮೀಟರ್ ಮಣ್ಣು ಮತ್ತು ಕಟ್ಟಡ ಅವಶೇಷ, 80 ಸಾವಿರಕ್ಕೂ ಹೆಚ್ಚು ಲಾರಿ ಲೋಡ್, 3 ಕೋಟಿ ಡಾಲರ್‌ಗೂ ಮೀರಿದ ವೆಚ್ಚ. ಈಜಿಪ್ಟ್ ರಾಜಧಾನಿ ಕೈರೋದ ಹಳೇ ನಗರದ ಅಂಚಿನಲ್ಲಿ ಅಲ್ ಅಝರ್ ಉದ್ಯಾನ ಎದ್ದು ನಿಲ್ಲಲು ಬೇಕಾದದ್ದು ಇಷ್ಟು. ಉದ್ಯಾನದ ಪಕ್ಕದ ದರ್ಬ್ ಅಲ್ ಅಹ್ಮರ್ ಬಡಾವಣೆಯಲ್ಲಿ ಆಗ ಸುಮಾರು 2 ಲಕ್ಷ ಜನ ವಾಸವಿದ್ದರು. ಈ ಖರ್ಚು ಸಾರ್ಥಕವಾಯಿತೇ ಎಂಬುದನ್ನು ಅವರನ್ನು ಬಿಟ್ಟು ಅಳೆಯಲಾಗದು.

ಕೈರೋದ ಹಳೇ ನಗರ 1979ರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಸೋರುವ ಸೂರು ನಿಲ್ಲಲಿಲ್ಲ. ದಶಕಗಳಿಂದ ಏರದ ಬಾಡಿಗೆಯಿಂದಾಗಿ ರಿಪೇರಿಗೆ ಮಾಲೀಕರು ಮುಂದಾಗುತ್ತಿರಲಿಲ್ಲ. ಬಾಡಿಗೆದಾರರ ಕೈಯಲ್ಲಿ ಹಣವಿರಲಿಲ್ಲ. 1992ರ ಅಕ್ಟೋಬರ್ 12ರ ಭೂಕಂಪ, ಮೊದಲೇ ಬಿರುಕು ಬಿಟ್ಟಿದ್ದ ಗೋಡೆಗಳನ್ನು ಇನ್ನಷ್ಟು ಸಡಿಲಗೊಳಿಸಿತು.

ಮಣ್ಣಿನ ಲೆಕ್ಕ

ಉದ್ಯಾನದ ಯೋಜನೆ ಮೂಡಿದ್ದು 1984ರಲ್ಲಿ. ನಗರಕ್ಕೊಂದು ಉದ್ಯಾನ ಕೊಡುವುದಾಗಿ ಇಸ್ಮಾಯಿಲಿ ಮುಸ್ಲಿಮರ ಅಂದಿನ ಧರ್ಮಗುರು ಆಗಾ ಖಾನ್ ಆ ವರ್ಷ ಘೋಷಿಸಿದರು. ಸಿಕ್ಕ ಜಾಗ ದರ್ರಾಸಾ ಗುಡ್ಡ. ಸುಮಾರು 500 ವರ್ಷ ನಗರದ ಕಸ, ಒಡೆದ ಇಟ್ಟಿಗೆ, ಕಲ್ಲುಮಣ್ಣು ಸುರಿದು ಬೆಳೆದ ತಿಪ್ಪೆ. ವಿಸ್ತೀರ್ಣ 74 ಎಕರೆ. 240 ಎಕರೆಯ ನಮ್ಮ ಲಾಲ್‌ಬಾಗಿನ ಮೂರನೇ ಒಂದು ಭಾಗಕ್ಕಿಂತ ಕೊಂಚ ಕಡಿಮೆ.

ಅಗೆದು ಸಾಗಿಸಿದ 15 ಲಕ್ಷ ಘನ ಮೀಟರ್ ಮಣ್ಣನ್ನು 30 ಹೆಕ್ಟೇರ್‌ಗೆ ಸಮನಾಗಿ ಹರಡಿದರೆ ಎಲ್ಲೆಡೆ 5 ಮೀಟರ್ ಎತ್ತರವಾಗುತ್ತದೆ. ದಿನಕ್ಕೆ 100 ಲೋಡ್‌ನಂತೆ ಸಾಗಿಸಿದರೂ 800 ದಿನ ಬೇಕು. ಮಣ್ಣಿನಲ್ಲಿ ಉಪ್ಪಿನಂಶ ವಿಪರೀತ. ಗಿಡ ಬೇರು ಬಿಡುವಂತಿರಲಿಲ್ಲ. ಹಾಗಾಗಿ ಸುಮಾರು 6.05 ಲಕ್ಷ ಘನ ಮೀಟರ್ ಮಣ್ಣನ್ನು ಜರಡಿ ಹಿಡಿದು, 60 ಸಾವಿರ ಘನ ಮೀಟರ್ ಮರಳು ಮತ್ತು ಮೇಲ್ಮಣ್ಣು ಬೆರೆಸಿ, ಅರ್ಧ ಮೀಟರಿನಿಂದ 2 ಮೀಟರ್ ದಪ್ಪಕ್ಕೆ ಹಾಸಿದರು. ಸ್ಥಳೀಯ ಹವೆಗೆ ಒಗ್ಗುವ ಸಸಿಗಳಿಗಾಗಿ ಪ್ರತ್ಯೇಕ ನರ್ಸರಿಗಳನ್ನೇ ಕಟ್ಟಬೇಕಾಯಿತು.

ಇದೇ ಜಾಗದಲ್ಲಿ ಕುಡಿಯುವ ನೀರಿನ 3 ದೊಡ್ಡ ಟ್ಯಾಂಕ್‌ಗಳೂ ಬರಬೇಕಿತ್ತು. ಒಂದೊಂದರ ವ್ಯಾಸ 80 ಮೀಟರ್, ಆಳ 14 ಮೀಟರ್. ಮೂರೂ ಸೇರಿ ಒಂದೂವರೆ ಹೆಕ್ಟೇರ್ ನುಂಗಿದವು. ಅವು ಮುಗಿಯುವವರೆಗೂ ಉದ್ಯಾನದ ಕೆಲಸ ಕಾಯಬೇಕಾಯಿತು. ಘೋಷಣೆಯಿಂದ 2005ರ ಉದ್ಘಾಟನೆಗೆ 21 ವರ್ಷ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಹಣದ ಲೆಕ್ಕ

3 ಕೋಟಿ ಡಾಲರನ್ನು 3 ಲಕ್ಷ ಚದರ ಮೀಟರ್‌ಗೆ ಹಂಚಿದರೆ ಚದರ ಮೀಟರ್‌ಗೆ 100 ಡಾಲರ್. 2005ರ ವಿನಿಮಯ ದರ ಡಾಲರಿಗೆ ಸುಮಾರು 44 ರೂಪಾಯಿ. ಅಂದರೆ ಒಟ್ಟು ಸುಮಾರು 132 ಕೋಟಿ ರೂಪಾಯಿ, ಚದರಡಿಗೆ ಸುಮಾರು 400 ರೂಪಾಯಿ.

ಉದ್ಯಾನಕ್ಕೆ ಬರುವವರು ವರ್ಷಕ್ಕೆ ಸುಮಾರು 20 ಲಕ್ಷ, ದಿನಕ್ಕೆ ಸರಾಸರಿ 5,500 ಮಂದಿ. ಈ ಸರಾಸರಿಯಲ್ಲಿ 10 ವರ್ಷಕ್ಕೆ 2 ಕೋಟಿ ಭೇಟಿ. ಕಟ್ಟಿದ ವೆಚ್ಚವನ್ನು ಅಷ್ಟಕ್ಕೆ ಹಂಚಿದರೆ ಒಂದು ಭೇಟಿಗೆ ಒಂದೂವರೆ ಡಾಲರ್. ಪ್ರವೇಶ ಟಿಕೆಟ್ ಮತ್ತು ಹೋಟೆಲುಗಳ ಆದಾಯದಿಂದಲೇ ನಿರ್ವಹಣೆ ನಡೆಯುವಂತೆ ಯೋಜನೆ ರೂಪಿಸಿದ್ದು ಇಲ್ಲಿನ ಜಾಣತನ. ಉದ್ಘಾಟನೆಯ ನಂತರ ಅನುದಾನಕ್ಕೆ ಕೈಚಾಚಿ ಒಣಗಿಹೋದ ಉದ್ಯಾನಗಳು ಯಾವ ದೇಶದಲ್ಲಿ ಇಲ್ಲ?

ಗೋಡೆ ಸಿಕ್ಕಿತು, ಮನೆಗಳು ಉಳಿದವು

ತಿಪ್ಪೆ ಕರಗಿದಂತೆ ಅದರಡಿ ಹೂತಿದ್ದ 12ನೇ ಶತಮಾನದ ಕೋಟೆ ಗೋಡೆ ಹೊರಬಂತು. ಸಲಾಹುದ್ದೀನ್ ಕಾಲದ ಈ ಗೋಡೆ ಬುರುಜು, ಬಾಗಿಲುಗಳ ಸಮೇತ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಕಾಣಿಸಿಕೊಂಡಿತು. ಸುಣ್ಣಕಲ್ಲಿನ ಇಂಥ ಗೋಡೆಗೆ ದೊಡ್ಡ ಶತ್ರು ನೆಲದ ತೇವ. ಕಲ್ಲಿನೊಳಗೆ ಏರಿದ ನೀರು ಆರುವಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟಿ, ಕಲ್ಲಿನ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಹಾನಿ ಹೆಚ್ಚುತ್ತದೆ. ಸುಣ್ಣದ ಗಾರೆಯಾದರೆ ತೇವ ಹೊರಹೋಗಲು ಬಿಡುತ್ತದೆ. ಆದ್ದರಿಂದ ಇಂಥ ಕೆಲಸಕ್ಕೆ ಯಂತ್ರಕ್ಕಿಂತ ಕಲ್ಲುಕುಟಿಗರೂ ಗಾರೆಯವರೂ ಬೇಕು. ಬಡಾವಣೆಯ ಯುವಕರಿಗೆ ಈ ಕಸುಬಿನಲ್ಲಿ ತರಬೇತಿ ಕೊಟ್ಟಿದ್ದರಿಂದ ಕೂಲಿಯ ಹಣದ ಒಂದು ಪಾಲು ಅಲ್ಲೇ ಉಳಿಯಿತು.

ಗೋಡೆಗೆ ಆತುಕೊಂಡಿದ್ದ ಮನೆಗಳನ್ನು ಕೆಡವಿ ಜಾಗ ಬಿಡಿಸುವ ಆಲೋಚನೆ ಹಳೆಯ ಯೋಜನೆಗಳಲ್ಲಿತ್ತು. ಅದನ್ನು ಕೈಬಿಟ್ಟು, ಜನ ಅಲ್ಲೇ ಇರುವಂತೆ ಮನೆಗಳನ್ನು ದುರಸ್ತಿ ಮಾಡುವ ದಾರಿ ಹಿಡಿದರು. ನೂರಕ್ಕೂ ಹೆಚ್ಚು ಮನೆಗಳು ಹೀಗೆ ಗಟ್ಟಿಯಾದವು. 1369ರ ಉಮ್ ಅಲ್ ಸುಲ್ತಾನ್ ಶಾಬಾನ್ ಮಸೀದಿಯಂಥ ಸ್ಮಾರಕಗಳ ಸಂರಕ್ಷಣೆಯ ಜೊತೆಜೊತೆಗೇ ಬಡಗಿ, ಚರ್ಮದ ಕೆಲಸದವರಂಥ ಕುಶಲಕರ್ಮಿಗಳಿಗೆ ಕಿರುಸಾಲ ಸಿಕ್ಕಿತು.

ಯಾವ ಬಾಬ್ತು ಮೊದಲು?

2 ಲಕ್ಷ ಜನರ ಬಡಾವಣೆಯಲ್ಲಿ ನೂರು ಚಿಲ್ಲರೆ ಮನೆ ಸಣ್ಣ ಸಂಖ್ಯೆ. ಈ ಯೋಜನೆಯ ಕೊರತೆಯೂ ಅದೇ. 80 ಸಾವಿರ ಲೋಡ್ ಮಣ್ಣು ಸಾಗಿಸಲು ಯಂತ್ರ, ಹಣ ಇದ್ದರೆ ಸಾಕು. ಒಂದು ಮನೆ ಸರಿಪಡಿಸಲು ಮಾಲೀಕ, ಬಾಡಿಗೆದಾರ, ಸರ್ಕಾರ ಮೂವರೂ ಒಪ್ಪಬೇಕು. ಹಳೇ ನಗರ ಉಳಿಸುವ ಕೆಲಸದಲ್ಲಿ ಹೆಚ್ಚು ಕಾಲ ಹಿಡಿಯುವ ಬಾಬ್ತು ಇದು. ಆದ್ದರಿಂದ ಬಜೆಟ್‌ನಲ್ಲಿ ಮೊದಲ ಸಾಲು ಇದಕ್ಕೇ ಸಿಗಬೇಕು. ಕಲ್ಲುಹಾಸು, ದೀಪದ ಕಂಬ, ಮುಂಭಾಗದ ಬಣ್ಣ ಆಮೇಲೆ ಬರಲಿ. ಯಾವುದೇ ಊರಿನ ಪುನರುಜ್ಜೀವನ ಯೋಜನೆ ಕೈಗೆ ಬಂದಾಗ ಒಟ್ಟು ಮೊತ್ತಕ್ಕಿಂತ ಮೊದಲು ಎರಡು ಅಂಕಿ ಹುಡುಕೋಣ: ಕೆಲಸ ಮುಗಿದ ಮೇಲೂ ಅಲ್ಲೇ ಉಳಿಯುವ ಕುಟುಂಬಗಳೆಷ್ಟು, ಹತ್ತನೇ ವರ್ಷದ ನಿರ್ವಹಣೆಗೆ ದುಡ್ಡು ಎಲ್ಲಿಂದ. ಇವೆರಡೂ ಇಲ್ಲದ ಯೋಜನೆಗೆ ಮಂಜೂರಾತಿ ಕೊಡಬಾರದು.