ಬಡಾವಣೆಯ ಗ್ರಂಥಾಲಯ ಹಿಗ್ಗಬೇಕಾದರೆ

ಕರ್ನಾಟಕದ ನಗರಗಳಲ್ಲಿ ಎಷ್ಟೋ ಶಾಖಾ ಗ್ರಂಥಾಲಯಗಳಿಗೆ ಸ್ವಂತ ಕಟ್ಟಡವಿಲ್ಲ. ಬಾಡಿಗೆ ಮನೆಯಲ್ಲೋ, ಪಾರ್ಕಿನ ಮೂಲೆಯ ಒಂಟಿ ಕೋಣೆಯಲ್ಲೋ ಅವು ನಡೆಯುತ್ತಿರುತ್ತವೆ. ಇಂಥ ಜಾಗವನ್ನು ದುರಸ್ತಿ ಮಾಡಿ ಹಿಗ್ಗಿಸಲು ಹೊರಟವರು ಸುಣ್ಣಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ನೆಲ ತಡೆದುಕೊಳ್ಳುವ ಭಾರವನ್ನು.

ಪುಸ್ತಕದ ತೂಕ ಮೋಸ ಮಾಡುತ್ತದೆ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಿಡಿಯುತ್ತಾರೆ. ಪುಸ್ತಕ ದಾಸ್ತಾನಿನ ಕೋಣೆಗೆ ಅದು ಸುಮಾರು 600 ಕಿಲೋ, ರ್‍ಯಾಕುಗಳು 2.2 ಮೀಟರಿಗಿಂತ ಎತ್ತರವಾದರೆ ಇನ್ನೂ ಹೆಚ್ಚು. ಮನೆಯೆಂದು ಕಟ್ಟಿದ ಕಟ್ಟಡದ ಮಹಡಿಗೆ ಸಾಲುಸಾಲು ರ್‍ಯಾಕು ಏರಿಸುವುದು ಅಪಾಯವೇ. ದಾಸ್ತಾನು ಕೆಳಗಿರಲಿ, ಮೇಜು ಕುರ್ಚಿ ಮೇಲೆ ಹೋಗಲಿ ಎನ್ನುವುದು ಸರಳ ಪರಿಹಾರ. ಆದರೆ ಬೆಳಗಾದರೆ ಪತ್ರಿಕೆ ಓದಲು ಬರುವವರಲ್ಲಿ ಹಿರಿಯರೇ ಹೆಚ್ಚು. ಪತ್ರಿಕೆಗಳ ಮೇಜನ್ನಾದರೂ ಕೆಳಗೇ ಉಳಿಸಬೇಕು.

ಮುಂಬಾಗಿಲಿನ ಮೆಟ್ಟಿಲಿಗೂ ಇದೇ ಮಾತು. ಗಾಲಿಕುರ್ಚಿಯ ಇಳಿಜಾರು ಹಾದಿ 12ಕ್ಕೆ 1ರ ಪ್ರಮಾಣದಲ್ಲಿರಬೇಕೆಂಬುದು ನಿಯಮ. ಒಂದೂವರೆ ಅಡಿ ಎತ್ತರದ ಜಗುಲಿಗೆ 18 ಅಡಿ ಉದ್ದದ ಹಾದಿ ಬೇಕು. ಜಾಗವಿಲ್ಲವೆಂದು ಮೂರಡಿಯಲ್ಲೇ ಮುಗಿಸಿದ ಕಡಿದಾದ ಸಿಮೆಂಟು ದಿಬ್ಬ ಬೈಕ್ ಹತ್ತಿಸಲಷ್ಟೇ ಅನುಕೂಲ.

ಹಳೆಯ ಕಟ್ಟಡದಲ್ಲಿ ಪುಸ್ತಕಕ್ಕೆ ಶತ್ರುಗಳು ತೇವ ಮತ್ತು ಗೆದ್ದಲು. ಗೋಡೆಗೆ ಒತ್ತಿಕೊಂಡ ರ್‍ಯಾಕಿನ ಕೊನೆಯ ಖಾನೆಯನ್ನು ಖಾಲಿ ಮಾಡಿದರೆ ಸ್ಥಿತಿ ಗೊತ್ತಾಗುತ್ತದೆ: ರಟ್ಟು ಮೆತ್ತಗಾಗಿ ಬೂಷ್ಟು ಹಿಡಿದಿರುತ್ತದೆ, ಬೆನ್ನಿನ ಗುಂಟ ಮಣ್ಣಿನ ಗೆರೆ ಹತ್ತಿರುತ್ತದೆ. ಮೊದಲು ತಾರಸಿಯ ಸೋರಿಕೆ ನಿಲ್ಲಬೇಕು. ಆಮೇಲೆ ನೆಲ ಗೋಡೆ ಸೇರುವಲ್ಲಿ ರಂಧ್ರ ಕೊರೆದು ಗೆದ್ದಲಿನ ಔಷಧ ತುಂಬಬೇಕು. ಗಾರೆ, ಬಣ್ಣ ಕೊನೆಗೆ. ಉದ್ಘಾಟನೆಯ ದಿನ ಹತ್ತಿರ ಬಂದಾಗ ಈ ಕ್ರಮ ತಲೆಕೆಳಗಾಗುವುದೂ ಉಂಟು. ಮುಂದಿನ ಮಳೆಗಾಲಕ್ಕೆ ಗೋಡೆಯೇ ಅದನ್ನು ಹೇಳುತ್ತದೆ.

ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು. ಇದೇ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಆರಂಭಿಸಿದವರು. ಬೆಳೆಯುವುದೆಂದರೆ ಬೇಡದ್ದನ್ನು ಬಿಡುವುದೂ ಹೌದು. ಪಠ್ಯಕ್ರಮ ಬದಲಾದ ಗೈಡುಗಳು, ಹತ್ತಾರು ಪ್ರತಿ ಬಂದು ಯಾರೂ ಮುಟ್ಟದ ಪುಸ್ತಕಗಳು ಜಾಗ ತಿನ್ನುತ್ತವೆ. ಕಟ್ಟಡ ಖಾಲಿ ಮಾಡುವ ಸಮಯವೇ ದಾಸ್ತಾನು ಪರಿಶೀಲನೆಗೆ ತಕ್ಕದ್ದು. ಸ್ಥಳೀಯ ಲೇಖಕರ ಹಳೆಯ ಮುದ್ರಣ, ಊರಿನ ಸ್ಮರಣ ಸಂಚಿಕೆಗಳು ಮಾತ್ರ ಆ ರಾಶಿಯಲ್ಲಿ ರದ್ದಿಗೆ ಹೋಗಬಾರದು.

ಇಂದು ಕುರ್ಚಿಗೆ ಹೆಚ್ಚು ಬೇಡಿಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ. ಬೆಳಿಗ್ಗೆ ಬಂದವರು ಸಂಜೆಯವರೆಗೂ ಕೂರುತ್ತಾರೆ. ಅವರಿಗೆ ಬೇಕಾದದ್ದು ಪ್ಲಗ್ ಪಾಯಿಂಟ್, ಕುಡಿಯುವ ನೀರು, ಬೀಗ ಹಾಕಿರದ ಶೌಚಾಲಯ. ಮಕ್ಕಳ ವಿಭಾಗಕ್ಕೆ ಬೇರೆ ಕೋಣೆಯಾದರೆ ಇಬ್ಬರಿಗೂ ನೆಮ್ಮದಿ.

ಹಣದ ದಾರಿ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲೇ ಇದೆ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಉಪಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿ ಗ್ರಂಥಾಲಯಗಳಿಗೆ ವರ್ಗಾಯಿಸಬೇಕು. ಈ ಹಣ ಪೂರ್ತಿ ತಲುಪದೆ ಬಾಕಿ ಉಳಿಯುತ್ತದೆಂಬ ದೂರು ಹಳೆಯದು. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಲ್ಲೂ ಕಟ್ಟಡಕ್ಕೆ ನೆರವಿನ ಯೋಜನೆಯಿದೆ. ಆದರೆ ಬಡಾವಣೆಯವರ ಕೈಗೆ ಹತ್ತಿರವಿರುವುದು ಉಪಕರವೇ: ವರ್ಷಕ್ಕೆ 1,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯವರು ಗ್ರಂಥಾಲಯಕ್ಕೆಂದೇ 60 ರೂಪಾಯಿ ಕೊಡುತ್ತಿದ್ದಾರೆ. ಅದರ ಲೆಕ್ಕ ಕೇಳುವ ಹಕ್ಕೂ ಅವರದೇ.