ಹರಿಗೋಲು ಗೋಡೆ ಹತ್ತಿದರೆ

ಎಡದಂಡೆ ಕಾಲುವೆಯ ನೀರು ತುಂಬಿದ, ಕೊಪ್ಪಳ ಜಿಲ್ಲೆಯ ಸಾಣಾಪುರದ ಕೆರೆಯಲ್ಲಿ ಅಂಬಿಗರು ಪ್ರವಾಸಿಗರನ್ನು ನಡುನೀರಿಗೆ ಒಯ್ದು ಹರಿಗೋಲನ್ನು ಗಿರಗಿರನೆ ತಿರುಗಿಸುತ್ತಾರೆ. ಅದನ್ನು ಕೆಳಕ್ಕೆ ಒತ್ತುವುದು ಭಾರ, ಮೇಲಕ್ಕೆ ಎತ್ತುವುದು ನೀರು. ಕೆರೆಯನ್ನೇ ಗೋಡೆಯಂತೆ ನಿಲ್ಲಿಸಿದರೆ ಆಟ ಮುಗಿಯಿತು.

ಅಲ್ಲಿನ ಹೋಂಸ್ಟೇಯೊಂದರಲ್ಲಿ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಲು ಹೊರಟರೆ ಇಂಥದೇ ಅನುಮಾನ ಏಳುತ್ತದೆ: "ಒಳಗ ಹಾರ್ಡ್ ಡಿಸ್ಕ್ ಐತಲ್ರಿ, ನಿಂದರಿಸಿದ್ರ ಕೆಡೂದಿಲ್ಲೇನ್ರಿ?"

ಕೆಡುವುದಿಲ್ಲ. 7200 ಆರ್‌ಪಿಎಂ ಡಿಸ್ಕಿನ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಅದರ ಅಂಚಿನ ವೇಗ ಗಂಟೆಗೆ 120 ಕಿ.ಮೀ. ಮೀರುತ್ತದೆ. ಆ ಓಟಕ್ಕೆ ಎದ್ದ ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ, ಓದುವ ತಲೆ ತೇಲುತ್ತದೆ. ನಮ್ಮ ಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್! ಇದೂ ಹರಿಗೋಲೇ, ಆದರೆ ಭಾರವನ್ನು ನೆಚ್ಚಿದ್ದಲ್ಲ. ತಲೆಯ ತೂಕ ಒಂದು ಮಿಲಿಗ್ರಾಂ ಆಸುಪಾಸು. ಅದನ್ನು ತಟ್ಟೆಯತ್ತ ಒತ್ತುವ ಸ್ಪ್ರಿಂಗಿನ ಬಲ ಎರಡು ಗ್ರಾಂ ತೂಕದಷ್ಟು. ಸಾವಿರದಲ್ಲೊಂದು ಪಾಲೂ ಇಲ್ಲದ ಭಾರ ಅತ್ತ ಜಗ್ಗಿದರೇನು, ಇತ್ತ ಜಗ್ಗಿದರೇನು? ತಲೆಯನ್ನು ಹೊತ್ತ ತೋಳು ಕೂಡ ತಕ್ಕಡಿಯ ದಂಡಿಗೆಯಂತೆ ಎರಡೂ ಕಡೆ ಸಮತೂಕ.

ಹಾಗೆಂದು ಹಳಬರ ಹೆದರಿಕೆ ಬರೀ ಮೂಢನಂಬಿಕೆಯಲ್ಲ. 1980ರ ದಶಕದ ಎಷ್ಟೋ ಡಿಸ್ಕುಗಳಲ್ಲಿ ತಲೆ ಹೆಜ್ಜೆ ಎಣಿಸಿಕೊಂಡು ಸರಿಯುತ್ತಿತ್ತು; ತಾನು ಸರಿಯಾದ ಗೆರೆಯ ಮೇಲಿದ್ದೇನೆಯೇ ಎಂದು ನೋಡಿಕೊಳ್ಳುವ ದಾರಿ ಅದಕ್ಕಿರಲಿಲ್ಲ. ಮಲಗಿಸಿ ಫಾರ್ಮ್ಯಾಟ್ ಮಾಡಿದ್ದನ್ನು ನಿಲ್ಲಿಸಿದರೆ ಗೆರೆ ತಪ್ಪುವ ಸಂಭವವಿತ್ತು, ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತಿತ್ತು. ಈಗ ತಟ್ಟೆಯ ಮೇಲೆಯೇ ಗುರುತುಗಳಿವೆ. ತಲೆ ಅವನ್ನು ಓದುತ್ತ ಕ್ಷಣಕ್ಷಣಕ್ಕೂ ದಾರಿ ತಿದ್ದಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ, ಚಿಂತಿಸಬೇಕಾದ್ದು ಅಲುಗಾಟದ ಬಗ್ಗೆ. 2008ರಲ್ಲಿ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಓಡುತ್ತಿದ್ದ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿದರು. ಆ ದನಿಯ ಕಂಪನಕ್ಕೇ ಡಿಸ್ಕುಗಳ ಕೆಲಸ ತಡವರಿಸಿದ್ದು ಪರದೆಯ ಮೇಲೆ ಕಂಡಿತು. ಒಂದೇ ಸ್ಕ್ರೂಗೆ ಜೋತುಬಿದ್ದ ಡಿಸ್ಕ್, ಪಕ್ಕದಲ್ಲೇ ಗುಡುಗುವ ಸ್ಪೀಕರ್ ಬೇಡವೇ ಬೇಡ. ಕೊಪ್ಪಳದ ಬೇಸಿಗೆ ಬೇರೆ: ಪೆಟ್ಟಿಗೆಯ ಗಾಳಿಕಿಂಡಿ ಗೋಡೆಗೆ ಮುಖ ಮಾಡಿದರೆ ಒಳಗಿನ ಬಿಸಿ ಒಳಗೇ.

ಓಡುತ್ತಿರುವಾಗ ಮಾತ್ರ ಎತ್ತಿ ತಿರುಗಿಸಬೇಡಿ. ಸುತ್ತುವ ಬುಗುರಿಯಂತೆ ತಟ್ಟೆ ವಾಲಲು ಒಲ್ಲೆನ್ನುತ್ತದೆ, ತಲೆ ತಗುಲಿ ಗೀರು ಬೀಳಬಹುದು. ಸ್ವಿಚ್ ಆರಿಸಿ, ಒಳಗಿನ ಗುಂಯ್ ಸದ್ದು ಅಡಗುವವರೆಗೆ ಕಾಯಿರಿ. ಆಮೇಲೆ ಡ್ರಿಲ್ ಹುಡುಕಿದರಾಯಿತು.