ಒಂಟಿ ತಾಯಂದಿರಲ್ಲಿ ಖಿನ್ನತೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ತನಗೆ ಖಿನ್ನತೆ ಇದೆ ಎಂದು ಅರ್ಜಿ ಹಿಡಿದು ಗ್ರಾಮ ಪಂಚಾಯಿತಿ ಕಚೇರಿಗೆ ಯಾವ ಮಹಿಳೆಯೂ ಬರುವುದಿಲ್ಲ. ಆಕೆ ಬರುವುದು ಪಡಿತರ ಚೀಟಿಗೆ, ಪಿಂಚಣಿಗೆ, ಮಗುವಿನ ದಾಖಲೆಗೆ. ಒಂದು ದಿನ ಬರುವುದನ್ನೇ ನಿಲ್ಲಿಸಿದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಉದ್ಯೋಗ ಖಾತ್ರಿ ಕಾಮಗಾರಿಯ ಹಾಜರಾತಿಯಲ್ಲಿ ಎರಡು ವಾರಗಳಿಂದ ಹೆಸರಿಲ್ಲ. ಸ್ವಸಹಾಯ ಸಂಘದ ಸಭೆಗೆ ಸತತವಾಗಿ ಗೈರು. ಮಗು ತಲೆ ಬಾಚಿಕೊಳ್ಳದೆ ಅಂಗನವಾಡಿಗೆ ಬರುತ್ತಿದೆ. ಇವು ಮೂರು ಬೇರೆ ಬೇರೆ ವಹಿಗಳಲ್ಲಿ ಕಾಣುವ ಸಂಗತಿಗಳು. ಮೂರನ್ನೂ ಒಟ್ಟಿಗಿಟ್ಟು ನೋಡುವ ಅವಕಾಶ ಇರುವುದು ಆ ವಾರ್ಡಿನ ಸದಸ್ಯರಿಗೆ. ಈ ಲೇಖನವನ್ನು ಅವರಿಗಾಗಿ ಸಿದ್ಧಪಡಿಸಲಾಗಿದೆ.

ಇಲ್ಲಿ ಒಂಟಿ ತಾಯಿ ಎಂಬ ಪದವನ್ನು ವಿಶಾಲಾರ್ಥದಲ್ಲಿ ಬಳಸಲಾಗಿದೆ. ವಿಧವೆಯರು, ವಿಚ್ಛೇದಿತರು, ಅವಿವಾಹಿತ ತಾಯಂದಿರು, ಪತಿ ತೊರೆದುಹೋದವರು, ಪತಿ ಕೂಲಿಗೆಂದು ದೂರದ ಊರಿಗೆ ಹೋಗಿ ವರ್ಷಗಳಿಂದ ಸುದ್ದಿಯೇ ಇಲ್ಲದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಕೊನೆಯ ಎರಡು ವರ್ಗದವರ ಕಷ್ಟ ಉಳಿದವರಿಗಿಂತ ಹೆಚ್ಚು ಜಟಿಲವಾದುದು. ಅದಕ್ಕೆ ಕಾರಣವನ್ನು ಮುಂದೆ ವಿವರಿಸಲಾಗಿದೆ.

ರೋಗವನ್ನು ಗುರುತಿಸುವುದು

ದುಃಖ ಬೇರೆ, ಖಿನ್ನತೆ ಬೇರೆ. ಪತಿ ತೀರಿಕೊಂಡಾಗ ಅಥವಾ ಬಿಟ್ಟುಹೋದಾಗ ಅಳುವುದು, ಊಟ ಸೇರದಿರುವುದು ಸಹಜ. ಮನಸ್ಸಿನ ಕುಗ್ಗುವಿಕೆ ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದ ಸ್ಥಿತಿ ದಿನದ ಬಹುಪಾಲು ಇದ್ದು, ಎರಡು ವಾರಕ್ಕೂ ಮೇಲ್ಪಟ್ಟು ಬಿಡದೆ ಮುಂದುವರಿದು, ಅದರ ಜೊತೆಗೆ ನಿದ್ರೆ, ಹಸಿವು, ಗಮನ, ಚಟುವಟಿಕೆಗಳಲ್ಲಿ ಏರುಪೇರಾಗಿ, ತಾನು ಯಾರಿಗೂ ಬೇಡದವಳೆಂಬ ಭಾವ ಬೇರೂರಿದರೆ ಅದನ್ನು ವೈದ್ಯರು ಖಿನ್ನತೆಯೆಂದು ಪರಿಗಣಿಸುತ್ತಾರೆ. ಇದು ಮನೋದೌರ್ಬಲ್ಯವಲ್ಲ, ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ.

ನಮ್ಮ ಹಳ್ಳಿಗಳಲ್ಲಿ ಈ ರೋಗ ಬಹುಮಟ್ಟಿಗೆ ದೇಹದ ಭಾಷೆಯಲ್ಲಿ ಮಾತನಾಡುತ್ತದೆ. ತಲೆ ಭಾರ, ಕೈಕಾಲು ಸೋಲು, ಎದೆ ಬಡಿತ, ನಿಶ್ಶಕ್ತಿ ಎಂದು ಹೇಳಿಕೊಂಡು ಖಾಸಗಿ ಚಿಕಿತ್ಸಾಲಯದಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ಮಹಿಳೆಯರನ್ನು ಸದಸ್ಯರೆಲ್ಲರೂ ಬಲ್ಲರು. ಅವರಲ್ಲಿ ಕೆಲವರಿಗೆ ರಕ್ತಹೀನತೆ ಇರಬಹುದು, ಥೈರಾಯ್ಡ್ ತೊಂದರೆ ಇರಬಹುದು; ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಅಗತ್ಯ. ಆದರೆ ಎರಡು ಮೂರು ಬಾರಿ ಬಾಟಲಿ ಹಾಕಿಸಿಕೊಂಡರೂ ಸುಸ್ತು ಹೋಗದಿದ್ದರೆ, ಮನಸ್ಸಿನ ಬಗ್ಗೆ ಯಾರಾದರೂ ಕೇಳಬೇಕಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕ ಅಧ್ಯಯನ ನಡೆಸಿದ ಬಳಿಕ 12 ರಾಜ್ಯಗಳಲ್ಲಿ ಕೈಗೊಂಡ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಯಲ್ಲಿ ಒಬ್ಬರು ಜೀವಮಾನದ ಯಾವುದಾದರೊಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆಯುಳ್ಳವರಲ್ಲಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಚಿಕಿತ್ಸೆ ಇದ್ದೂ ಅದು ರೋಗಿಯವರೆಗೆ ತಲುಪಿಲ್ಲ ಎಂಬುದೇ ಈ ಎರಡನೆಯ ಅಂಕಿಯ ಅರ್ಥ.

ಆಶಾ ಕಾರ್ಯಕರ್ತೆಯರು ಅಸಾಂಕ್ರಾಮಿಕ ರೋಗಗಳ ತಪಾಸಣೆಗಾಗಿ ಮನೆಮನೆಯಲ್ಲಿ ತುಂಬುವ ನಮೂನೆಯ ಕೊನೆಯ ಭಾಗದಲ್ಲಿ ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ ಎಂಬುದು ಒಂದು. ಬೇಸರ, ನಿರಾಶೆ ಕಾಡಿದೆಯೇ ಎಂಬುದು ಇನ್ನೊಂದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಇವು ಆತುರದಲ್ಲಿ ಸಾಗಿಹೋಗುವ ಸಂಭವವೇ ಹೆಚ್ಚು. ಇನ್ನೊಂದು ಕೊರತೆಯೂ ಇದೆ: ಈ ನಮೂನೆ 30 ವರ್ಷ ಮತ್ತು ಮೇಲ್ಪಟ್ಟವರಿಗಾಗಿ ರೂಪಿಸಿದ್ದು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ತವರಿಗೆ ಹಿಂದಿರುಗಿದ 22 ವರ್ಷದ ಹೆಣ್ಣುಮಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ ಸದಸ್ಯರು ಒಂದು ಮಾತನ್ನು ಎತ್ತಬಹುದು. ಆ ಎರಡು ಪ್ರಶ್ನೆಗಳನ್ನು ಗ್ರಾಮದ ಎಲ್ಲ ಒಂಟಿ ತಾಯಂದಿರಿಗೂ, ವಯಸ್ಸು ನೋಡದೆ, ಬಿಡುವಾಗಿ ಕೂತು ಕೇಳುವಂತೆ ಆಶಾ ಕಾರ್ಯಕರ್ತೆಯರನ್ನು ಕೋರಬೇಕು. ಇದಕ್ಕೆ ಹಣವೂ ಬೇಕಿಲ್ಲ, ಆದೇಶವೂ ಬೇಕಿಲ್ಲ.

ಕಾಗದವಿಲ್ಲದ ಕಷ್ಟ

ಒಂಟಿ ತಾಯಿಯ ಖಿನ್ನತೆಗೆ ಒಂಟಿತನವೊಂದೇ ಕಾರಣವೆಂದು ತಿಳಿಯುವುದು ಅಪೂರ್ಣ. ಬಡತನ, ಸಾಲ, ನಿದ್ರೆಗೆಡುವ ದುಡಿಮೆ, ಊರವರ ಮಾತು ಇವೆಲ್ಲವೂ ಸೇರಿವೆ. ಆದರೆ ಪಂಚಾಯಿತಿಯ ಕೈಗೆ ನೇರವಾಗಿ ಸಿಗುವ ಕಾರಣವೊಂದಿದೆ, ಅದು ಕಾಗದ.

ಉದಾಹರಣೆಗೆ, ಎರಡು ಮಕ್ಕಳ ತಾಯಿ, 26 ವರ್ಷ, ಪತಿ ಬಿಟ್ಟುಹೋಗಿ ಮೂರು ವರ್ಷವಾಗಿದೆ ಎಂದು ಭಾವಿಸೋಣ. ಪತಿ ಸತ್ತಿಲ್ಲವಾದ್ದರಿಂದ ವಿಧವಾ ವೇತನವಿಲ್ಲ. ನ್ಯಾಯಾಲಯದಲ್ಲಿ ವಿಚ್ಛೇದನವಾಗಿಲ್ಲ, ಆಗಿದ್ದರೂ ಮನಸ್ವಿನಿ ಯೋಜನೆ 40ರಿಂದ 64 ವರ್ಷದವರಿಗೆ ಮೀಸಲು. ಆಕೆಯ ಹೆಸರು ಇನ್ನೂ ಅತ್ತೆಯ ಮನೆಯ ಪಡಿತರ ಚೀಟಿಯಲ್ಲಿದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿಯಾಗಿರುವವರಿಗೆ ಸಲ್ಲುವುದರಿಂದ ಅದು ಅತ್ತೆಗೆ ಹೋಗುತ್ತದೆ, ಅಕ್ಕಿಯೂ ಅಲ್ಲೇ ಇಳಿಯುತ್ತದೆ. ತವರಿನಲ್ಲಿ ಅಣ್ಣನ ಹೆಂಡತಿಯ ಮುಖ ನೋಡಿ ಉಣ್ಣಬೇಕು. ಪ್ರತಿ ಕಚೇರಿಯಲ್ಲಿಯೂ ‘ನಿಮ್ಮ ಯಜಮಾನರ ಸಹಿ ಎಲ್ಲಿ’ ಎಂಬ ಪ್ರಶ್ನೆ. ಅದಕ್ಕೆ ಉತ್ತರಿಸಿ ಉತ್ತರಿಸಿ ದಣಿದ ಮೇಲೆ ಆಕೆ ಕೇಳುವುದನ್ನೇ ಬಿಡುತ್ತಾಳೆ. ಹೊರಗಿನವರಿಗೆ ಇದು ಉದಾಸೀನವೆಂದು ಕಾಣುತ್ತದೆ. ಸೌಲಭ್ಯ ಕೊಡುತ್ತೇವೆಂದರೂ ಬರುವುದಿಲ್ಲ ಎಂದು ನಾವೇ ದೂರುವುದೂ ಉಂಟು. ಖಿನ್ನತೆಯಲ್ಲಿರುವವರಿಗೆ ಒಂದು ಅರ್ಜಿ ತುಂಬುವುದು ಗುಡ್ಡ ಹತ್ತಿದಂತೆ ಎಂಬುದನ್ನು ನೆನೆದರೆ ಆ ದೂರು ನಿಲ್ಲುವುದಿಲ್ಲ.

ಈ ಸಂದರ್ಭದಲ್ಲಿ ಸದಸ್ಯರು ಆಕೆಯ ಜೊತೆ ನಡೆದು ಮಾಡಿಸಬಹುದಾದ ಕೆಲಸಗಳು ಇವೆ. ಮೊದಲನೆಯದು ಪ್ರತ್ಯೇಕ ಪಡಿತರ ಚೀಟಿ. ಅದಾದರೆ ಉಳಿದ ಹಲವು ಬಾಗಿಲುಗಳು ತೆರೆಯುತ್ತವೆ. ಪ್ರತ್ಯೇಕ ಉದ್ಯೋಗ ಚೀಟಿಯನ್ನು ಪಂಚಾಯಿತಿಯಲ್ಲಿಯೇ ಕೊಡಿಸಬಹುದು. ಜೀವನಾಂಶಕ್ಕಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿ ಅರ್ಜಿ ಸಲ್ಲಿಸಲು ವಿಚ್ಛೇದನವಾಗಿರಬೇಕೆಂದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಮಹಿಳೆಯರಿಗೆ ಆದಾಯದ ಮಿತಿಯನ್ನು ನೋಡದೆ ಉಚಿತ ವಕೀಲರ ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬೇಕು, ಇಲ್ಲವೇ 15100ಕ್ಕೆ ಕರೆ ಮಾಡಬೇಕು.

ಬಹಳಷ್ಟು ಸದಸ್ಯರಿಗೆ ತಿಳಿಯದ ಸೌಲಭ್ಯವೊಂದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ತಾಯಿ ವಿಧವೆಯಾಗಿದ್ದರೆ ಮಾತ್ರವಲ್ಲ, ವಿಚ್ಛೇದಿತೆಯಾಗಿದ್ದರೂ ಕುಟುಂಬದಿಂದ ತೊರೆಯಲ್ಪಟ್ಟವಳಾಗಿದ್ದರೂ ಮಗು ಅರ್ಹತೆ ಪಡೆಯುತ್ತದೆ. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಅವಿವಾಹಿತ ತಾಯಂದಿರ ವಿಷಯದಲ್ಲಿ ಇನ್ನೊಂದು ಮಾತು: ತಂದೆಯ ಹೆಸರನ್ನು ಬಹಿರಂಗಪಡಿಸುವಂತೆ ಅವಿವಾಹಿತ ತಾಯಿಯನ್ನು ಒತ್ತಾಯಿಸಬಾರದೆಂದೂ, ಆಕೆಯ ಪ್ರಮಾಣಪತ್ರದ ಆಧಾರದ ಮೇಲೆ ಮಗುವಿನ ಜನನ ಪ್ರಮಾಣಪತ್ರ ನೀಡಬೇಕೆಂದೂ ಸುಪ್ರೀಂ ಕೋರ್ಟ್ 2015ರಲ್ಲಿಯೇ ತೀರ್ಪು ನೀಡಿದೆ.

ಸಾಲದ ಕಂತಿನವರು ಬಾಗಿಲಿಗೆ ಬಂದು ಕೂರುವುದು ಖಿನ್ನತೆಯನ್ನು ತೀವ್ರಗೊಳಿಸುವ ಇನ್ನೊಂದು ಸಂಗತಿ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯವು 2025ರಲ್ಲಿ ಕಾನೂನು ತಂದಿದೆ. ಬೆದರಿಕೆ ಇದ್ದಲ್ಲಿ ಸದಸ್ಯರು ಆಕೆಯೊಡನೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬಾರದು.

ಚಿಕಿತ್ಸೆ ಎಲ್ಲಿದೆ, ಹೇಗೆ ನಡೆಯುತ್ತದೆ

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಆರಂಭಿಸಿದ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇಂದು ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಏರ್ಪಡಿಸಲಾಗುತ್ತದೆ. ತಮ್ಮ ತಾಲ್ಲೂಕಿಗೆ ವೈದ್ಯರು ಯಾವ ಮಂಗಳವಾರ ಬರುತ್ತಾರೆಂಬುದನ್ನು ಸದಸ್ಯರು ಮೊದಲೇ ವಿಚಾರಿಸಿಕೊಂಡಿರುವುದು ಒಳ್ಳೆಯದು. ಒಮ್ಮೆ ಹೋಗಿ ವೈದ್ಯರಿಲ್ಲದೆ ಹಿಂದಿರುಗಿದವಳು ಎರಡನೆಯ ಬಾರಿ ಹೋಗುವುದು ಕಷ್ಟ. ಶಕ್ತಿ ಯೋಜನೆಯಿಂದ ಬಸ್ಸಿನ ವೆಚ್ಚ ಉಳಿಯಿತು. ಆ ದಿನದ ಕೂಲಿ ಮತ್ತು ಮಗುವಿನ ಆರೈಕೆ ಉಳಿದೇ ಇವೆ. ಪಂಚಾಯಿತಿಯಲ್ಲಿ ಕೂಸಿನ ಮನೆ ನಡೆಯುತ್ತಿದ್ದರೆ ಮೂರು ವರ್ಷದೊಳಗಿನ ಕೂಸಿಗೆ ಅಲ್ಲಿ ವ್ಯವಸ್ಥೆ ಮಾಡಿಸಬಹುದು.

ಔಷಧದ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಖಿನ್ನತೆ ನಿವಾರಕ ಮಾತ್ರೆಗಳು ಚಟವಾಗುತ್ತವೆ ಎಂಬುದು ಒಂದು. ಅವು ಚಟ ಹಿಡಿಸುವ ಮದ್ದುಗಳಲ್ಲ. ಒಂದು ವಾರದಲ್ಲಿ ಗುಣ ಕಾಣದಿದ್ದರೆ ಮಾತ್ರೆ ಹಿಡಿಸಲಿಲ್ಲ ಎಂಬುದು ಇನ್ನೊಂದು. ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು, ತಾನಾಗಿ ನಿಲ್ಲಿಸಬಾರದು. ಹಾಲುಣಿಸುವ ತಾಯಿ ಅದನ್ನು ವೈದ್ಯರಿಗೆ ತಿಳಿಸಬೇಕು.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ನೆರೆಯ ಗೋವಾದಲ್ಲಿ ನಡೆದ ಅಧ್ಯಯನದಲ್ಲಿ, ವೈದ್ಯರಲ್ಲದ ಸ್ಥಳೀಯ ಕಾರ್ಯಕರ್ತರು ತರಬೇತಿ ಪಡೆದು ಆರರಿಂದ ಎಂಟು ಭೇಟಿಗಳಲ್ಲಿ ಸಮಾಲೋಚನೆ ನಡೆಸಿದಾಗ ತೀವ್ರ ಖಿನ್ನತೆಯುಳ್ಳವರಲ್ಲಿಯೂ ಚೇತರಿಕೆ ಹೆಚ್ಚಿತು. ಇದರ ವರದಿ 2017ರಲ್ಲಿ ಪ್ರಕಟವಾಯಿತು. ಅದರ ತಿರುಳು ಸರಳ. ಮನಸ್ಸು ಸರಿಯಾದ ಮೇಲೆ ಚಟುವಟಿಕೆ ಎಂದು ಕಾಯದೆ, ಚಿಕ್ಕ ಚಟುವಟಿಕೆಯೊಂದನ್ನು ಮೊದಲು ಹಿಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ. ಆದರೆ ಒಂಟಿ ತಾಯಿಗೆ ಕೆಲಸದ ಕೊರತೆಯಿಲ್ಲವೆಂಬುದನ್ನು ಮರೆಯಬಾರದು. ಇಲ್ಲಿ ಹೇಳುವುದು ಇನ್ನಷ್ಟು ದುಡಿಮೆಯನ್ನಲ್ಲ; ಆಕೆಗೆ ಹಿಂದೆ ಹಿಡಿಸುತ್ತಿದ್ದು ಈಗ ಬಿಟ್ಟುಹೋದುದನ್ನು. ಸಂಜೆ ಗೆಳತಿಯ ಮನೆಯ ಕಟ್ಟೆ, ಭಜನೆ, ಹೊಲಿಗೆ, ಸಂಘದ ಸಭೆಯಲ್ಲಿ ಹತ್ತು ನಿಮಿಷ. ಕಂತು ಕಟ್ಟಿಲ್ಲವೆಂಬ ನಾಚಿಕೆಯಿಂದ ಸಂಘ ಬಿಟ್ಟವರನ್ನು ಕಂತಿನ ಮಾತೆತ್ತದೆ ಮರಳಿ ಕರೆಸುವುದು ಸಂಘದ ಪ್ರತಿನಿಧಿಗಳಿಂದ ಆಗಬೇಕಾದ ಕೆಲಸ.

ಅಪಾಯದ ಸೂಚನೆ ಕಂಡಾಗ

ಬದುಕು ಸಾಕಾಗಿದೆ, ನಾನಿಲ್ಲದಿದ್ದರೆ ಮಕ್ಕಳು ಸುಖವಾಗಿರುತ್ತಾರೆ ಎಂಬ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಹಳ ಸಲ ಅದನ್ನು ಹೊತ್ತವರಿಗೆ ಹಗುರವಾಗುತ್ತದೆ. ಆಕೆಯನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕವನ್ನು ಅಂದೇ ಬೇರೆಡೆಗೆ ಸಾಗಿಸಿ ಬೀಗ ಹಾಕಿಸಬೇಕು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರಯತ್ನ ನಡೆದುಹೋಗಿದ್ದರೂ ಪೊಲೀಸ್ ಪ್ರಕರಣದ ಭಯದಿಂದ ಆಸ್ಪತ್ರೆಗೆ ತಡಮಾಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ.

ಅದೇ ಅಧಿನಿಯಮ ರೋಗಿಯ ಮಾಹಿತಿಯ ಗೋಪ್ಯತೆಯನ್ನೂ ಹಕ್ಕೆಂದು ಹೇಳಿದೆ. ಆದ್ದರಿಂದ ಯಾರಿಗೆ ಚಿಕಿತ್ಸೆ ನಡೆಯುತ್ತಿದೆ ಎಂಬುದು ಗ್ರಾಮ ಸಭೆಯಲ್ಲಾಗಲಿ, ಪಂಚಾಯಿತಿಯ ವಾಟ್ಸಾಪ್ ಗುಂಪಿನಲ್ಲಾಗಲಿ ಬರಕೂಡದು. ಪುರುಷ ಸದಸ್ಯರು ಒಂಟಿಯಾಗಿ ಮನೆಗೆ ಭೇಟಿ ನೀಡುವ ಬದಲು ಆಶಾ ಕಾರ್ಯಕರ್ತೆ ಅಥವಾ ಮಹಿಳಾ ಸದಸ್ಯರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಊರ ಬಾಯಿಗೆ ಬೀಳುವುದು ಆಕೆಯೇ ಹೊರತು ಸದಸ್ಯರಲ್ಲ.

ಆಸ್ಪತ್ರೆಗೆ ಬರಲು ಒಪ್ಪದವರಿಗೆ ದೂರವಾಣಿಯ ದಾರಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯಲ್ಲಿ ಹಿಂಸೆಯೂ ಇದ್ದಲ್ಲಿ ಮಹಿಳಾ ಸಹಾಯವಾಣಿ 181. ಈ ಸಂಖ್ಯೆಗಳನ್ನು ಕಚೇರಿಯ ಸೂಚನಾ ಫಲಕದಲ್ಲಿ ಮಾತ್ರ ಹಾಕಿದರೆ ಎಲ್ಲರೆದುರು ನಿಂತು ಬರೆದುಕೊಳ್ಳುವವರು ವಿರಳ. ನ್ಯಾಯಬೆಲೆ ಅಂಗಡಿ, ಅಂಗನವಾಡಿಯ ಒಳಗೋಡೆ, ಕೂಸಿನ ಮನೆ, ಹಿಟ್ಟಿನ ಗಿರಣಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸುವುದು ಸೂಕ್ತ.